ಮೊದಲು ಪ್ಲಗ್ ಪಾಯಿಂಟು, ಆಮೇಲೆ ಪ್ರೊಸೆಸರ್

ಹುಬ್ಬಳ್ಳಿಯಲ್ಲಾಗಲಿ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಡೆಸ್ಕ್‌ಟಾಪಿಗೆ ಕೊಟೇಶನ್ ಕೇಳಿದರೆ ಚೀಟಿಯ ಮೊದಲ ಸಾಲಿನಲ್ಲಿ ಪ್ರೊಸೆಸರ್ ಇರುತ್ತದೆ, ಎರಡನೆಯದರಲ್ಲಿ ಮದರ್‌ಬೋರ್ಡ್. ಗೋಡೆಯ ಕರೆಂಟನ್ನು ಬೋರ್ಡಿಗೆ ಬೇಕಾದಂತೆ ಇಳಿಸಿ ಕೊಡುವ ಎಸ್‌ಎಂಪಿಎಸ್ ಬರುವುದು ಕೊನೆಗೆ, ಎಷ್ಟೋ ಸಲ ಕ್ಯಾಬಿನೆಟ್ಟಿನ ಹೊಟ್ಟೆಯೊಳಗೇ ಸೇರಿಕೊಂಡು. ಕರೆಂಟು ಹೋದಾಗ ಬ್ಯಾಟರಿಯಿಂದ ಯಂತ್ರ ನಡೆಸುವ ಯುಪಿಎಸ್ ಅಂತೂ ಚೀಟಿಯಲ್ಲೇ ಇರುವುದಿಲ್ಲ. ನಗರದ ಫ್ಲ್ಯಾಟಿಗೆ ಈ ಕ್ರಮ ನಡೆದೀತು. ಕಾರವಾರದ ಕಡಲಂಚಿನ ಮನೆಗೆ, ಶಿರಸಿ–ಸಿದ್ದಾಪುರದ ತೋಟದ ಮನೆಗೆ ಚೀಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಇಲ್ಲಿ ಯಂತ್ರ ಸಾಯುವುದು ಕರೆಂಟಿನ ಏರಿಳಿತಕ್ಕೆ, ಸಿಡಿಲಿಗೆ, ತೇವಕ್ಕೆ, ಉಪ್ಪಿಗೆ, ಇರುವೆ-ಹಲ್ಲಿಗಳಿಗೆ. ಪ್ರೊಸೆಸರ್ ಹಳತಾಯಿತೆಂದು ಮೂಲೆ ಸೇರುವ ಭಾಗ್ಯ ಕೆಲವಕ್ಕೆ ಮಾತ್ರ.

ಬಿಡಿಭಾಗಗಳ ಬೆಲೆ ವಾರವಾರಕ್ಕೆ ಬದಲಾಗುತ್ತದೆ. ಹಾಗಾಗಿ ರೂಪಾಯಿ ಲೆಕ್ಕಕ್ಕಿಂತ ಪಾಲಿನ ಲೆಕ್ಕ ಹೆಚ್ಚು ದಿನ ಬಾಳುತ್ತದೆ. ಮಾನಿಟರ್ ಬಿಟ್ಟು 45,000 ಇದೆಯೆಂದರೆ ಅದರ ಐದನೇ ಒಂದು ಪಾಲು, ಅಂದರೆ 9,000ವನ್ನು, ಎಸ್‌ಎಂಪಿಎಸ್ ಮತ್ತು ಯುಪಿಎಸ್‌ಗೆಂದು ಮೊದಲೇ ತೆಗೆದಿಡಿ. ಉಳಿದ 36,000ಕ್ಕೆ ಎಷ್ಟು ವೇಗ ಸಿಗುತ್ತದೋ ಅಷ್ಟು ಸಾಕು. ಪ್ರೊಸೆಸರಿನಲ್ಲಿ ಒಂದು ಮೆಟ್ಟಿಲು ಕೆಳಗಿಳಿದರೆ ದಿನದ ಕೆಲಸದಲ್ಲಿ ಗೊತ್ತಾಗುವ ವ್ಯತ್ಯಾಸ ಅಲ್ಪ. ಎಸ್‌ಎಂಪಿಎಸ್‌ನಲ್ಲಿ ಒಂದು ಮೆಟ್ಟಿಲು ಇಳಿದರೆ ಅದು ಸುಡುವಾಗ ಬೋರ್ಡನ್ನೂ ಡಿಸ್ಕನ್ನೂ ಜೊತೆಗೆ ಕರೆದೊಯ್ಯಬಹುದು. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರ್. ವಾರಂಟಿಗೆಂದು ಒಂದು ಸಲ ಕೊಟ್ಟು, ಇನ್ನೊಂದು ಸಲ ತರಲು ಎರಡು ದಿನದ ಕೆಲಸ ಕೆಡುತ್ತದೆ. ಸರ್ವಿಸ್ ಸೆಂಟರ್ ಎಷ್ಟು ದೂರ ಎಂಬುದೂ ಯಂತ್ರದ ಗುಣವಿಶೇಷಗಳಲ್ಲಿ ಒಂದೆಂದೇ ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಲೆಕ್ಕ ಹಾಕಬೇಕು.

ಮೊದಲ ಕೆಲಸ ಇರುವುದು ಮನೆಯ ಗೋಡೆಯಲ್ಲಿ. ಕಂಪ್ಯೂಟರ್ ಇಡುವ ಜಾಗದ ಪ್ಲಗ್ ಪಾಯಿಂಟಿಗೆ ಅರ್ತಿಂಗ್ ನಿಜವಾಗಿ ಇದೆಯೇ ಎಂದು ಎಲೆಕ್ಟ್ರಿಷಿಯನ್ ಕೈಲಿ ಮಲ್ಟಿಮೀಟರ್ ಹಿಡಿಸಿ ನೋಡಿಸಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟಿನ ಆಸುಪಾಸು, ಫೇಸ್ ಮತ್ತು ಅರ್ತ್ ನಡುವೆ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್ ಮತ್ತು ಅರ್ತ್ ನಡುವೆ 2–3 ವೋಲ್ಟಿನೊಳಗೆ ಬಂದರೆ ಸರಿ. ಕ್ಯಾಬಿನೆಟ್ ಮುಟ್ಟಿದಾಗ ಬೆರಳು ಜುಂ ಎನ್ನುವುದು ಅರ್ತ್ ಇಲ್ಲದ ಮನೆಯ ಲಕ್ಷಣ. ಎಸ್‌ಎಂಪಿಎಸ್‌ನೊಳಗೆ ಗದ್ದಲ ಸೋಸಲು ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಸಣ್ಣ ಕೆಪಾಸಿಟರ್ ಲೋಹದ ಮೈಗೆ ಜೋಡಿಸಿರುತ್ತಾರೆ. ಅರ್ತ್ ತಂತಿ ಎಲ್ಲಿಗೂ ತಲುಪದಿದ್ದರೆ ಆ ಮೈ ಮೇನ್ಸ್‌ನ ಅರ್ಧದಷ್ಟು, ಸುಮಾರು 115 ವೋಲ್ಟಿನಲ್ಲಿ ತೇಲುತ್ತಿರುತ್ತದೆ. ಕರೆಂಟು ಬಹಳ ಕಡಿಮೆ ಇರುವುದರಿಂದ ಮನುಷ್ಯನಿಗೆ ಜುಂ ಅಷ್ಟೇ. ಆದರೆ ಯುಎಸ್‌ಬಿ ಅಥವಾ ಎಚ್‌ಡಿಎಂಐ ಕೇಬಲ್ ಸಿಕ್ಕಿಸುವ ಗಳಿಗೆಯಲ್ಲಿ ಆ ವೋಲ್ಟೇಜು ಪೋರ್ಟಿನ ಮೂಲಕ ದಾರಿ ಹುಡುಕುತ್ತದೆ. ‘ಪೆನ್‌ಡ್ರೈವ್ ಹಾಕಿದ ಕೂಡಲೇ ಪೋರ್ಟ್ ಸತ್ತಿತು’ ಎಂಬ ದೂರು ಬಂದಾಗ ಪೆನ್‌ಡ್ರೈವ್ ಬೈಯುವ ಮೊದಲು ಅರ್ತ್ ನೋಡಬೇಕು.

ಚಿರೇಕಲ್ಲಿನ ನೆಲ ನೀರನ್ನು ಬೇಗ ಬಿಟ್ಟುಕೊಡುತ್ತದೆ. ಮಳೆಗಾಲದಲ್ಲಿ ಚೆನ್ನಾಗಿದ್ದ ಅರ್ತ್ ಗುಂಡಿ ಎಪ್ರಿಲ್ ಹೊತ್ತಿಗೆ ಒಣಗಿ ಬರೀ ಹೆಸರಿಗೆ ಉಳಿಯುತ್ತದೆ, ಗುಡುಗು-ಸಿಡಿಲಿನ ಮಳೆ ಶುರುವಾಗುವುದೂ ಆಗಲೇ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಗುಂಡಿಗೆ ಎರಡು ಕೊಡ ನೀರು ಹಾಕಿ. ಇದ್ದಿಲು-ಉಪ್ಪಿನ ಹಳೆಯ ಗುಂಡಿಯಲ್ಲಿ ಜಿಐ ಪೈಪು ಕೆಲವೇ ವರ್ಷಕ್ಕೆ ತುಕ್ಕು ತಿನ್ನುವುದರಿಂದ, ಹೊಸದಾಗಿ ಮಾಡಿಸುವವರು ತಾಮ್ರ ಲೇಪಿಸಿದ ರಾಡು ಹಾಕಿಸುವುದು ಒಳ್ಳೆಯದು.

ಸಿಡಿಲಿನ ವಿಷಯದಲ್ಲಿ ಪ್ಲಗ್ ಕಿತ್ತರೆ ಸಾಕೆಂದು ತಿಳಿಯುವವರು ಹೆಚ್ಚು. ತಾಮ್ರದ ತಂತಿಯ ಎಲ್ಲ ದಾರಿಗಳನ್ನೂ ಎಣಿಸಬೇಕು. ಫೈಬರ್ ಇಂಟರ್ನೆಟ್ಟಿನ ಗಾಜಿನ ಎಳೆ ವಿದ್ಯುತ್ತನ್ನು ಸಾಗಿಸುವುದಿಲ್ಲ, ನಿಜ. ಆದರೆ ಮೋಡೆಮ್ಮಿನ ಅಡಾಪ್ಟರ್ ಗೋಡೆಯ ಕರೆಂಟಿನಲ್ಲಿದೆ, ಅಲ್ಲಿಂದ ಕಂಪ್ಯೂಟರಿಗೆ ಬರುವ ಲ್ಯಾನ್ ಕೇಬಲ್ ತಾಮ್ರದ್ದು. ಸಿಡಿಲು ಅಡಾಪ್ಟರಿನಿಂದ ಹೊಕ್ಕು ಲ್ಯಾನ್ ಪೋರ್ಟಿನಲ್ಲಿ ಹೊರಬರುತ್ತದೆ. ಹೀಗಾಗಿ ನಮ್ಮ ಕಡೆಗೆ ವೈಫೈ ಇರುವ ಬೋರ್ಡು, ಇಲ್ಲವೇ ಒಂದು ಸಣ್ಣ ಯುಎಸ್‌ಬಿ ವೈಫೈ ಕಡ್ಡಿ, ವೇಗ ಸ್ವಲ್ಪ ಕಡಿಮೆಯಾದರೂ ಜಾಣ ಆಯ್ಕೆ. ಕಂಪ್ಯೂಟರಿನಿಂದ ಟಿವಿಗೆ ಎಚ್‌ಡಿಎಂಐ ಎಳೆದವರು ಟಿವಿಯ ಬೆನ್ನಿಗೆ ಮಾಡಿನ ಮೇಲಿನ ಡಿಶ್‌ನ ಕೇಬಲ್ ಇದೆಯೆಂಬುದನ್ನು ಮರೆಯಬಾರದು.

ಇನ್ನು ವೋಲ್ಟೇಜು. ಪಕ್ಕದ ತೋಟದಲ್ಲಿ ಪಂಪು ಚಾಲೂ ಆದಾಗ ಬಲ್ಬು ಮಂಕಾಗುವ ಮನೆಗಳಲ್ಲಿ 180ಕ್ಕೆ ಇಳಿಯುವುದು ಹೊಸದಲ್ಲ. ಒಳ್ಳೆಯ ಎಸ್‌ಎಂಪಿಎಸ್‌ನ ಮೇಲೆ ಇನ್‌ಪುಟ್ 100–240 ವೋಲ್ಟ್ ಎಂದು ಬರೆದಿರುತ್ತದೆ, ಅದು ಇಳಿತವನ್ನು ಸಹಿಸುತ್ತದೆ. 200–240 ಎಂದು ಬರೆದದ್ದನ್ನು ಇಂಥ ಮನೆಗೆ ಒಯ್ಯಬೇಡಿ. ಇಳಿತಕ್ಕಿಂತ ಏರಿಕೆ ಅಪಾಯದ್ದು. ಆಷಾಢದ ಗಾಳಿಗೆ ಲೈನಿನ ಮೇಲೆ ಮರ ಬಿದ್ದು ಟಿ.ಸಿ.ಯಿಂದ (ಟ್ರಾನ್ಸ್‌ಫಾರ್ಮರಿನಿಂದ) ಬರುವ ನ್ಯೂಟ್ರಲ್ ಕಡಿದರೆ ಸಿಂಗಲ್ ಫೇಸಿನ ಮನೆಗೆ 400ರ ಹತ್ತಿರದವರೆಗೂ ವೋಲ್ಟೇಜು ನುಗ್ಗಬಹುದು. ‘ಸ್ಪೈಕ್ ಬಸ್ಟರ್’ ಎಂದು ಮಾರುವ ಎಕ್ಸ್‌ಟೆನ್ಷನ್ ಪೆಟ್ಟಿಗೆ ಇದನ್ನು ತಡೆಯಲಾರದು. ಅದರೊಳಗಿನ ಪುಟ್ಟ ಬಿಲ್ಲೆ ಕ್ಷಣದ ಏಟನ್ನಷ್ಟೇ ನುಂಗಬಲ್ಲದು. ವೋಲ್ಟೇಜು ಮಿತಿ ಮೀರಿದರೆ ಇಡೀ ಮನೆಯನ್ನು ಕಡಿದುಹಾಕುವ ಪ್ರೊಟೆಕ್ಟರನ್ನು ಮೀಟರ್ ಬೋರ್ಡಿನ ಬಳಿ ಹಾಕಿಸಿದರೆ ಫ್ರಿಜ್ಜು, ಟಿವಿಯೂ ಉಳಿಯುತ್ತವೆ. ಈ ಖರ್ಚು ಕಂಪ್ಯೂಟರಿನ ಲೆಕ್ಕಕ್ಕೆ ಸೇರದು, ಮನೆಯ ಲೆಕ್ಕಕ್ಕೆ ಸೇರಲಿ.

ಯುಪಿಎಸ್‌ನ ಡಬ್ಬದ ಮೇಲಿನ ವಿಎ (ವೋಲ್ಟ್-ಆಂಪಿಯರ್) ಸಂಖ್ಯೆಯನ್ನು ವ್ಯಾಟ್ ಎಂದು ಓದಬೇಡಿ. ಸಾಮಾನ್ಯವಾಗಿ ಸಿಗುವ 600 ವಿಎ ಪೆಟ್ಟಿಗೆ ಕೊಡುವುದು 360 ವ್ಯಾಟ್. ಅದರೊಳಗಿರುವುದು 12 ವೋಲ್ಟ್, 7 ಆಂಪಿಯರ್-ಅವರ್‌ನ ಒಂದು ಬ್ಯಾಟರಿ. ಗುಣಿಸಿದರೆ 84 ವ್ಯಾಟ್-ಅವರ್ ಆಯಿತು. ಆದರೆ ಬ್ಯಾಟರಿಯನ್ನು ಜೋರಾಗಿ ಹಿಂಡಿದಷ್ಟೂ ಅದು ಕೊಡುವುದು ಕಡಿಮೆ. 100 ವ್ಯಾಟ್ ಎಳೆಯುವ ಯಂತ್ರಕ್ಕೆ 15–20 ನಿಮಿಷ ಎಂದಿಟ್ಟುಕೊಳ್ಳಿ. ಕೆಲಸ ಉಳಿಸಿ ಆರಿಸಲು ಅಷ್ಟು ಧಾರಾಳ. ಬ್ಯಾಟರಿ ಎರಡು-ಮೂರು ವರ್ಷಕ್ಕೆ ಸೋಲುತ್ತದೆ, ಆಗ ಬ್ಯಾಟರಿ ಮಾತ್ರ ಬದಲಿಸಿದರೆ ಸಾಕು. ಗ್ರಾಫಿಕ್ಸ್ ಕಾರ್ಡ್ ಇದ್ದರೆ 1,000 ವಿಎಯದನ್ನೇ ನೋಡಿ.

ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ, ಯುಪಿಎಸ್ ಏಕೆ ಎಂಬ ಪ್ರಶ್ನೆ ಸಹಜ. ಕರೆಂಟು ಹೋದ ಮೇಲೆ ಎಸ್‌ಎಂಪಿಎಸ್ ತನ್ನ ಕೆಪಾಸಿಟರಿನ ಬಲದಲ್ಲಿ ಉಸಿರು ಹಿಡಿದಿರುವುದು ಸುಮಾರು 16 ಮಿಲಿಸೆಕೆಂಡು. ಅಷ್ಟರೊಳಗೆ ಬೇರೆ ಕರೆಂಟು ಬರಬೇಕು. ಇನ್ವರ್ಟರಿನ ಹಿಂಬದಿಯ ಸ್ವಿಚ್ಚು ಯುಪಿಎಸ್ ಮೋಡ್‌ನಲ್ಲಿದ್ದರೆ ಸಾಮಾನ್ಯವಾಗಿ ಆ ಗಡುವಿನೊಳಗೆ ಬದಲಾಗುತ್ತದೆ, ಇನ್ನೊಂದು ಮೋಡ್‌ನಲ್ಲಿದ್ದರೆ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಮೇನ್ಸ್‌ನಂತೆಯೇ ನುಣುಪಾದ ಅಲೆ ಕೊಡುವ ಪ್ಯೂರ್ ಸೈನ್ ವೇವ್ ಇನ್ವರ್ಟರ್ ಇದ್ದು, ಬ್ಯಾಟರಿ ಚೆನ್ನಾಗಿದ್ದರೆ ಯುಪಿಎಸ್ ಇಲ್ಲದೆಯೂ ನಡೆಯುತ್ತದೆ. ಚೌಕದಂಥ ಒರಟು ಅಲೆ ಕೊಡುವ ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಿನ ಹಿಂದೆ ಯುಪಿಎಸ್ ಸಿಕ್ಕಿಸಿದರೆ ಮಾತ್ರ ಫಜೀತಿ: ಯುಪಿಎಸ್ ಆ ಅಲೆಯನ್ನು ಕೆಟ್ಟ ಕರೆಂಟೆಂದು ತಿಳಿದು ತನ್ನ ಬ್ಯಾಟರಿಯನ್ನೇ ಖಾಲಿ ಮಾಡಿಕೊಳ್ಳುತ್ತದೆ, ಕೊನೆಗೆ ಎರಡೂ ಇದ್ದು ಕಂಪ್ಯೂಟರ್ ಆರುತ್ತದೆ. ಯಂತ್ರ ಚಾಲೂ ಆಗುವಾಗಲೇ ಕೀಲಿ ಒತ್ತಿ ತೆರೆಯುವ ಬಯಾಸ್ ಸೆಟ್ಟಿಂಗ್‌ನಲ್ಲಿ ‘ರಿಸ್ಟೋರ್ ಆನ್ ಎಸಿ ಪವರ್ ಲಾಸ್’ ಎಂಬ ಸಾಲು ಹುಡುಕಿ ಆಫ್ ಮಾಡಿಡಿ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಹೋಗಿ ಬಂದು ಆಟವಾಡುವಾಗ ಪ್ರತಿ ಸಲವೂ ಯಂತ್ರ ತಾನಾಗಿ ಎದ್ದು, ವಿಂಡೋಸ್ ಅರ್ಧ ಏರಿದಾಗ ಮತ್ತೆ ಬೀಳುವುದು ತಪ್ಪುತ್ತದೆ.

ಎಸ್‌ಎಂಪಿಎಸ್ ಆರಿಸುವಾಗ ಡಬ್ಬದ ಮೇಲಿನ ದೊಡ್ಡ ಅಕ್ಷರ ಬಿಟ್ಟು, ಪಕ್ಕದ ಸಣ್ಣ ಕೋಷ್ಟಕ ಓದಿ. ಈಗಿನ ಯಂತ್ರ ಬಹುಪಾಲು ಎಳೆಯುವುದು 12 ವೋಲ್ಟಿನ ಸಾಲಿನಿಂದ. ಅಲ್ಲಿ 37 ಆಂಪಿಯರ್ ಇದ್ದರೆ 12ರಿಂದ ಗುಣಿಸಿ 444 ವ್ಯಾಟ್, ಅದು ನಿಜವಾದ 450ರ ಸರಕು. ‘450’ ಎಂದು ಬರೆದು 12 ವೋಲ್ಟಿನಲ್ಲಿ 18 ಆಂಪಿಯರ್ ಇಟ್ಟದ್ದೂ ಸಿಗುತ್ತದೆ. ಅದು 216 ವ್ಯಾಟ್ ಮಾತ್ರ. ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬರುವುವು ಹೆಚ್ಚಾಗಿ ಈ ಜಾತಿಯವು. ಕೈಯಲ್ಲಿ ತೂಗಿದರೂ ಹಗುರ, ಒಳಗೆ ಕಾಯಿಲ್ಲು ಕೆಪಾಸಿಟರುಗಳಲ್ಲಿ ಉಳಿತಾಯ ಮಾಡಿರುತ್ತಾರೆ. ಕರೆಂಟು ಹೆಚ್ಚು ಪೋಲು ಮಾಡದ್ದಕ್ಕೆ ಕೊಡುವ 80 ಪ್ಲಸ್ ಬ್ರಾಂಜ್ ಗುರುತಿನ, ಐದು ವರ್ಷದ ವಾರಂಟಿಯ 450 ಅಥವಾ 550 ವ್ಯಾಟಿನದು ಈ ಬಜೆಟ್ಟಿಗೆ ಹೇಳಿಸಿದ್ದು. 750 ವ್ಯಾಟ್ ಬೇಡ. ಹೆಚ್ಚು ವ್ಯಾಟಿಗೆ ಕೊಡುವ ಹಣವನ್ನು ಗುಣಕ್ಕೆ ಕೊಡಿ.

ಆಷಾಢದಲ್ಲಿ ಉಪ್ಪಿನ ಮರಿಗೆಯಲ್ಲಿ ನೀರೂರುವುದನ್ನು ನಮ್ಮ ಕಡೆಯ ಎಲ್ಲ ಅಡುಗೆಮನೆಗಳೂ ಕಂಡಿವೆ. ಕಂಪ್ಯೂಟರಿನೊಳಗೆ ಆಗುವುದೂ ಅದೇ. ಗಾಳಿಯ ತೇವಾಂಶ ಸುಮಾರು 75 ಶೇಕಡಾ ದಾಟಿದರೆ ಅಡುಗೆ ಉಪ್ಪು ಗಾಳಿಯ ನೀರನ್ನು ಹೀರಿ ತಾನೇ ಕರಗುತ್ತದೆ. ಕಡಲಿನ ಉಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡ್ ಇನ್ನೂ ಕಡಿಮೆ ತೇವಕ್ಕೇ ನೀರೊಡೆಯುತ್ತದೆ. ಕಾರವಾರ, ಅಂಕೋಲಾ, ಸಾಣಿಕಟ್ಟಾದ ಗಾಳಿ ಹೊತ್ತು ತರುವ ಸೂಕ್ಷ್ಮ ಉಪ್ಪು ಬೇಸಿಗೆಯಿಡೀ ಬೋರ್ಡಿನ ಮೇಲೆ ಧೂಳಿನ ಜೊತೆ ಒಣಗಿ ಕುಳಿತಿರುತ್ತದೆ, ತೊಂದರೆಯಿಲ್ಲ. ಜೂನ್ ಬಂದೊಡನೆ ಅದೇ ಧೂಳು ಉಪ್ಪುನೀರಿನ ಪದರವಾಗಿ ಚಿಪ್ಪುಗಳ ಪಕ್ಕಪಕ್ಕದ ಕಾಲುಗಳ ನಡುವೆ ಕರೆಂಟು ಹರಿಸುತ್ತದೆ. ತಾಮ್ರಕ್ಕೆ ಹಸಿರು ಕಿಲುಬು, ಕಬ್ಬಿಣಕ್ಕೆ ತುಕ್ಕು, ಅಲ್ಯೂಮಿನಿಯಂ ಹೀಟ್‌ಸಿಂಕಿಗೆ ಬಿಳಿ ಪುಡಿ. ಘಟ್ಟದ ಮೇಲೆ ಉಪ್ಪಿಲ್ಲ, ಅದರ ಬದಲು ಅಡಿಕೆ ಸುಲಿಯುವ ದಿನಗಳ ಧೂಳು, ಬಚ್ಚಲ ಒಲೆಯ ಹೊಗೆ, ಮತ್ತು ಎಲ್ಲದರ ಮೇಲೂ ಬರುವ ಬೂಷ್ಟು.

ಇದಕ್ಕೆ ಒಳ್ಳೆಯ ಮದ್ದು ಬಳಕೆಯೇ. 27 ಡಿಗ್ರಿಯ, 90 ಶೇಕಡಾ ತೇವಾಂಶದ ಗಾಳಿ ಕ್ಯಾಬಿನೆಟ್ಟಿನೊಳಗೆ 35 ಡಿಗ್ರಿಗೆ ಬಿಸಿಯಾದರೆ ಅದರ ತೇವಾಂಶ ಸುಮಾರು 57 ಶೇಕಡಾಕ್ಕೆ ಇಳಿಯುತ್ತದೆ, ಅಡುಗೆ ಉಪ್ಪು ಕರಗುವ ಗಡಿಯಿಂದ ಬಹಳ ಕೆಳಗೆ. ಮಳೆಗಾಲದಲ್ಲಿ ಕೆಲಸವಿಲ್ಲದಿದ್ದರೂ ದಿನಕ್ಕೊಂದು ತಾಸು ಯಂತ್ರ ನಡೆಸಿ. ‘ಹಾಳಾದೀತು’ ಎಂದು ಪ್ಲಾಸ್ಟಿಕ್ ಹೊದಿಸಿ ಮೂರು ತಿಂಗಳು ಮುಚ್ಚಿಟ್ಟ ಯಂತ್ರವೇ ಗಣೇಶ ಚೌತಿಗೆ ಏಳುವುದಿಲ್ಲ. ಸಿಲಿಕಾ ಜೆಲ್ ಪೊಟ್ಟಣ ಒಳಗಿಡುವುದು ವ್ಯರ್ಥ. ಗಾಳಿಯಾಡುವ ಪೆಟ್ಟಿಗೆಯಲ್ಲಿ ಅದು ಬೇಗ ತುಂಬಿಕೊಂಡು ಸುಮ್ಮನಾಗುತ್ತದೆ.

ಕ್ಯಾಬಿನೆಟ್ ಆರಿಸುವಾಗ ಬಣ್ಣದ ದೀಪಗಳನ್ನು ಮರೆತು ಬಾಗಿಲು ತೆಗೆದು ತಗಡಿನ ಕತ್ತರಿಸಿದ ಅಂಚು ನೋಡಿ. ಅಂಚಿಗೂ ಬಣ್ಣ ಹತ್ತಿದ್ದರೆ ತುಕ್ಕು ತಡವಾಗಿ ಬರುತ್ತದೆ. ಮುಂದೆ ಕಳಚಿ ತೊಳೆಯಬಹುದಾದ ಜಾಲರಿ, ಅದರ ಹಿಂದೆ ಒಳಗೆ ಊದುವ 120 ಮಿ.ಮೀ. ಫ್ಯಾನು ಎರಡು, ಹಿಂದೆ ಹೊರಗೆ ಊದುವುದು ಒಂದು. ಒಳಬರುವ ಗಾಳಿ ಹೆಚ್ಚಿದ್ದರೆ ಸಂದುಗೊಂದಿನಿಂದ ಗಾಳಿ ಹೊರಕ್ಕೇ ಹೋಗುತ್ತದೆ, ಸೋಸದ ಧೂಳು ಒಳಗೆ ಬರುವುದಿಲ್ಲ. ಹಿಂಬದಿಯ ಖಾಲಿ ಸ್ಲಾಟುಗಳಿಗೆ ಪಟ್ಟಿ ಹಾಕಿಯೇ ಇರಬೇಕು. ಬೆಚ್ಚಗಿನ ಜಾಗ ಹುಡುಕಿ ಬರುವ ಹಲ್ಲಿ, ಇರುವೆಗಳ ಹೆದ್ದಾರಿ ಅದು. ಎಸ್‌ಎಂಪಿಎಸ್‌ನೊಳಗೆ ಹಲ್ಲಿ ಸಿಕ್ಕಿ ಸುಟ್ಟದ್ದಕ್ಕೆ ವಾರಂಟಿ ಸಿಗುವ ಆಸೆ ಬೇಡ. ಮಳೆಗಾಲದಲ್ಲಿ ನೆಲ ಬೆವರುವುದರಿಂದ ಪೆಟ್ಟಿಗೆಯನ್ನು ನೆಲದಿಂದ ಒಂದಡಿ ಎತ್ತರದ ಮರದ ಮಣೆಯ ಮೇಲೆ, ಗೋಡೆಯಿಂದ ಗೇಣು ದೂರ, ಪಡುವಣ ಕಿಟಕಿಯ ಗಾಳಿ ನೇರ ಬಡಿಯದ ಕಡೆ ಇಡಿ.

ಇಷ್ಟಾದ ಮೇಲೆ ಪ್ರೊಸೆಸರ್ ಮಾತು, ಈಗ ಅದು ಸುಲಭ. ನುಡಿ, ಟ್ಯಾಲಿ, ಬ್ರೌಸರ್, ಆನ್‌ಲೈನ್ ಪಾಠ ಇಷ್ಟಕ್ಕೆ ಇಂಟೆಲ್ ಐ3-12100, ನಾಲ್ಕು ಕೋರಿನದು, ಸಾಕುಸಾಕು. ಮಕ್ಕಳ ಆಟವೂ ಸ್ವಲ್ಪ ನಡೆಯಬೇಕು, ಗ್ರಾಫಿಕ್ಸ್ ಕಾರ್ಡಿಗೆ ಹಣವಿಲ್ಲ ಎಂದಾದರೆ ಎಎಂಡಿ ರೈಝೆನ್ 5 5600ಜಿ. ಆರು ಕೋರು, ಜೊತೆಗೆ ಈ ಬೆಲೆಗೆ ಒಳ್ಳೆಯದೆನ್ನಬಹುದಾದ ಒಳಗಿನ ಗ್ರಾಫಿಕ್ಸ್. ಹೆಸರಿನ ಕೊನೆಯ ಅಕ್ಷರದ ಮೇಲೆ ಕಣ್ಣಿರಲಿ: ಐ3-12100ಎಫ್, ಐ5-12400ಎಫ್ ಎಂದು ‘ಎಫ್’ ಇದ್ದರೆ, ಅಥವಾ ‘ಜಿ’ ಇಲ್ಲದ ರೈಝೆನ್ 5 5600 ಆದರೆ, ಒಳಗೆ ಗ್ರಾಫಿಕ್ಸೇ ಇಲ್ಲ, ಕಾರ್ಡು ಹಾಕದೆ ಪರದೆ ಬೆಳಗದು.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಕೆಲಸಕ್ಕೆ ಕಂಪ್ಯೂಟರ್ ಬೇಕಾಗುತ್ತದೆ, ಯಕ್ಷಗಾನದ ವಿಡಿಯೊಗೆ. 24 ಮೆಗಾಬಿಟ್‌ನಲ್ಲಿ ಮುದ್ರಿಸಿದರೆ ಸೆಕೆಂಡಿಗೆ 3 ಎಂಬಿ, ಗಂಟೆಗೆ 10.8 ಜಿಬಿ, ಎಂಟು ಗಂಟೆಯ ಇಡೀ ರಾತ್ರಿಯ ಆಟಕ್ಕೆ 86 ಜಿಬಿಗೂ ಮಿಕ್ಕಿ. ಎರಡು ಕ್ಯಾಮೆರಾ ಇಟ್ಟರೆ ಇಮ್ಮಡಿ. ಇಂಥವರಿಗೆ ‘ಎಫ್’ ಇಲ್ಲದ ಐ5-12400 ಹೆಚ್ಚು ಒಗ್ಗುತ್ತದೆ, ಅದರೊಳಗಿನ ಕ್ವಿಕ್ ಸಿಂಕ್ ಎಂಬ ಭಾಗ ವಿಡಿಯೊ ಬಿಚ್ಚುವ-ಕಟ್ಟುವ ಕೆಲಸವನ್ನೇ ಮಾಡುತ್ತದೆ. ಎಸ್‌ಎಸ್‌ಡಿ 1 ಟಿಬಿ ಇರಲಿ, ಮುಗಿಸಿದ ಆಟಗಳನ್ನು ಹಾರ್ಡ್‌ಡಿಸ್ಕಿಗೆ ಇಳಿಸಿ, ಒಂದೇ ಪ್ರತಿಯನ್ನು ನಂಬಬೇಡಿ. ಲಿನಕ್ಸ್ ಬಳಸುವವರು ಗಮನಿಸಬೇಕಾದದ್ದು: ವಿಡಿಯೊ ಎಡಿಟ್ ಮಾಡುವ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಲಿನಕ್ಸ್‌ನಲ್ಲಿ, ಹೆಚ್ಚಿನ ಕ್ಯಾಮೆರಾಗಳು ಮುದ್ರಿಸುವ ಎಚ್.264 ಬಗೆಯ ಕಡತ ತೆರೆಯುವುದಿಲ್ಲ; ಕೆಡೆನ್‌ಲೈವ್ ಎಂಬ ಇನ್ನೊಂದು ಎಡಿಟರ್ ತೆರೆಯುತ್ತದೆ.

ರ‍್ಯಾಮ್ ಬೆಲೆ 2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದಾಗಿ ಜಿಗಿಯಿತು. ಹಳೆಯ ಯಂತ್ರದಲ್ಲಿ ಹಿಂದಿನ ಪೀಳಿಗೆಯ ಡಿಡಿಆರ್4 ರ‍್ಯಾಮ್ ಕಡ್ಡಿಗಳಿದ್ದರೆ ಎಸೆಯಬೇಡಿ, ಡಿಡಿಆರ್4 ಬೋರ್ಡೇ ಕೊಂಡು ಅವನ್ನೇ ಹಾಕಿ. ಎಎಂಡಿಯ ಹೊಸ ಎಎಂ5 ಬೋರ್ಡಿಗೆ ಡಿಡಿಆರ್5 ಬಿಟ್ಟು ಬೇರೆ ಹೊಂದದು. 12100, 12400ರಂಥ 12ನೇ ಪೀಳಿಗೆಯ ಇಂಟೆಲ್‌ನ ಬೋರ್ಡುಗಳು ಎರಡೂ ಬಗೆಯಲ್ಲಿವೆ, ಒಂದರಲ್ಲಿ ಇನ್ನೊಂದು ಕೂರುವುದಿಲ್ಲ. 5600ಜಿಗೆ 16 ಜಿಬಿಯ ಒಂದು ಕಡ್ಡಿಗಿಂತ 8 ಜಿಬಿಯ ಎರಡು ಬಹಳ ಮೇಲು: ಒಳಗಿನ ಗ್ರಾಫಿಕ್ಸ್ ರ‍್ಯಾಮನ್ನೇ ನಂಬಿರುವುದರಿಂದ ಒಂದೇ ದಾರಿಯಿದ್ದರೆ ಮಕ್ಕಳ ಗೇಮ್‌ಗಳಲ್ಲಿ ಎದ್ದು ಕಾಣುವಷ್ಟು ತೆವಳುತ್ತದೆ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಪ್ರೊಸೆಸರಿನಿಂದ ಎಣಿಸಿ ಎರಡನೆಯದು, ನಾಲ್ಕನೆಯದು. ಮೊದಲ ಸಲ ಚಾಲೂ ಮಾಡಿದಾಗ 3200ರ ರ‍್ಯಾಮ್ 2133 ಅಥವಾ 2400ರಲ್ಲೇ ಓಡುತ್ತಿರಬಹುದು, ಬಯಾಸ್‌ನಲ್ಲಿ ಎಕ್ಸ್‌ಎಂಪಿ ಎಂಬ ಸಾಲನ್ನು ಆನ್ ಮಾಡಿದರಷ್ಟೇ ಕೊಂಡ ವೇಗ ಸಿಗುತ್ತದೆ. ಮಳೆಗಾಲದಲ್ಲಿ ಬೀಪ್ ಸದ್ದು ಬಂದು ಪರದೆ ಕಪ್ಪಾದರೆ ಗಾಬರಿ ಬೇಡ. ಪ್ಲಗ್ ಕಿತ್ತು, ಕಡ್ಡಿ ತೆಗೆದು, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಸ್ಲಾಟಿಗೆ ಬೀಳದಂತೆ ದೂರ ಒರೆಸಿ, ಐಸೊಪ್ರೊಪೈಲ್ ಆಲ್ಕೊಹಾಲ್ ಸವರಿ ಆರಿದ ಮೇಲೆ ಮತ್ತೆ ಕೂರಿಸಿ.

ಎಸ್‌ಎಸ್‌ಡಿಯಲ್ಲಿ ಬೋರ್ಡಿನ ಸ್ಲಾಟಿಗೇ ಕೂರುವ, ವೇಗದ ಎನ್‌ವಿಎಂಇ ಬಗೆಯದನ್ನು ತೆಗೆದುಕೊಳ್ಳಿ. ಅದು ಪ್ರೊಸೆಸರನ್ನು ತಲುಪುವುದು ಪಿಸಿಐಇ ಎಂಬ ದಾರಿಯಲ್ಲಿ. 5600ಜಿ ಅದರ 3.0 ಆವೃತ್ತಿಯನ್ನು ಮಾತ್ರ ಬಲ್ಲದು, ಅದಕ್ಕೆ 4.0ರ ಎಸ್‌ಎಸ್‌ಡಿಗೆ ಹೆಚ್ಚು ಹಣ ಕೊಟ್ಟರೆ ಪ್ರಯೋಜನವಿಲ್ಲ. ವಿಡಿಯೊ ಕೆಲಸಕ್ಕೆ, ಒಂದು ಕೋಶದಲ್ಲಿ ನಾಲ್ಕು ಬಿಟ್ ತುರುಕುವ ಕ್ಯೂಎಲ್‌ಸಿಗಿಂತ ಮೂರು ಬಿಟ್ ಇಡುವ ಟಿಎಲ್‌ಸಿ ಇರಲಿ. ಕ್ಯೂಎಲ್‌ಸಿ ತುಂಬುತ್ತ ಬಂದಂತೆ ಬರೆಯುವ ವೇಗ ಕುಸಿಯುತ್ತದೆ.

ಗ್ರಾಫಿಕ್ಸ್ ಕಾರ್ಡಿನ ಹೆಸರಲ್ಲಿ ನಮ್ಮೂರ ಅಂಗಡಿಗಳಲ್ಲಿ ಇನ್ನೂ ಜಿಟಿ 710, ಜಿಟಿ 730 ಹಾಕಿಕೊಡುವುದುಂಟು. 5600ಜಿಯ ಒಳಗಿನ ಗ್ರಾಫಿಕ್ಸೇ ಅವಕ್ಕಿಂತ ಮೇಲು. ಆರ್‌ಎಕ್ಸ್ 6500 ಎಕ್ಸ್‌ಟಿ ಕೂಡ ತಪ್ಪಿಸಿ: ನಾಲ್ಕೇ ಪಿಸಿಐಇ ಲೇನು, ವಿಡಿಯೊ ಕಟ್ಟುವ ಎನ್‌ಕೋಡರ್ ಇಲ್ಲ. ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿಗೆ 70 ವ್ಯಾಟ್ ಸಾಕು, ಸಣ್ಣ ಯುಪಿಎಸ್ ಇರುವ ಮನೆಗೆ ಇದು ಹೊಂದುತ್ತದೆ. 8 ಜಿಬಿಯ ಆರ್‌ಎಕ್ಸ್ 6600 ಇನ್ನೂ ಬಲವಾದದ್ದು, 132 ವ್ಯಾಟ್ ಎಳೆಯುತ್ತದೆ.

‘ಐ7, 16 ಜಿಬಿ, 15 ಸಾವಿರ’ ಎಂಬ ಜಾಹೀರಾತು ಕಂಡರೆ ಐ7ರ ಮುಂದಿನ ಅಂಕಿ ಕೇಳಿ. ಐ7-3770 ಆದರೆ ಅದು 2012ರ ಪ್ರೊಸೆಸರ್, ಎಚ್61 ಬೋರ್ಡು 2011ರ ಚಿಪ್‌ಸೆಟ್, ರ‍್ಯಾಮ್ ಡಿಡಿಆರ್3. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನ 8ನೇ ಪೀಳಿಗೆಯಿಂದ ಈಚಿನದೇ ಬೇಕು. ಹಣ ತೀರ ಕಡಿಮೆ ಇದ್ದರೆ ಕಚೇರಿಗಳಿಂದ ಹೊರಬಿದ್ದ ಐ5-8500ರ ಕಂಪನಿ ಡೆಸ್ಕ್‌ಟಾಪ್ ಪ್ರಾಮಾಣಿಕ ಆಯ್ಕೆ. ಆದರೆ ಅವುಗಳ ಎಸ್‌ಎಂಪಿಎಸ್ ಪಿನ್ನು ಎಷ್ಟೋ ಸಲ ಆಯಾ ಕಂಪನಿಯದೇ ಮಾದರಿ, ಸುಟ್ಟರೆ ಶಿರಸಿಯ ಅಂಗಡಿಯಲ್ಲಿ ಬದಲಿ ಸಿಗದು. ಕಡಲ ಬದಿಯಲ್ಲಿ ಬಳಸಿದ ಹಳೆಯ ಬೋರ್ಡು ಕೊಳ್ಳುವಾಗ ಯುಎಸ್‌ಬಿ ಪೋರ್ಟಿನ ಒಳಗೋಡೆ, ರ‍್ಯಾಮ್ ಸ್ಲಾಟಿನ ತುದಿ, ಸ್ಕ್ರೂ ತಲೆಗಳನ್ನು ಟಾರ್ಚ್ ಹಿಡಿದು ನೋಡಿ. ಅಲ್ಲಿ ಹಸಿರು ಅಥವಾ ಕೆಂಪು ಕಂಡರೆ ಎಷ್ಟೇ ಅಗ್ಗವಾದರೂ ಬಿಡಿ.

ಜೋಡಿಸುವಾಗ ಬೋರ್ಡನ್ನು ಕ್ಯಾಬಿನೆಟ್ಟಿಗೆ ಬಿಗಿಯುವ ಮೊದಲು ಅದರದೇ ರಟ್ಟಿನ ಡಬ್ಬದ ಮೇಲಿಟ್ಟು ಪ್ರೊಸೆಸರ್, ಕೂಲರ್, ರ‍್ಯಾಮ್ ಮಾತ್ರ ಹಾಕಿ ಚಾಲೂ ಮಾಡಿ ನೋಡಿ. 24 ಪಿನ್ನಿನದರ ಜೊತೆ ಪ್ರೊಸೆಸರ್ ಬಳಿಯ 8 ಪಿನ್ನಿನ ವೈರನ್ನೂ ಮರೆಯಬೇಡಿ. ‘ಫ್ಯಾನ್ ತಿರುಗುತ್ತದೆ, ಪರದೆ ಬರುತ್ತಿಲ್ಲ’ ಎಂಬುದರ ಹಿಂದೆ ಹಲವು ಸಲ ಅದೇ ಇರುತ್ತದೆ. ಬೋರ್ಡು ಬಂದ ಮಿಂಚುವ ಚೀಲದ ಮೇಲಿಟ್ಟು ಚಾಲೂ ಮಾಡಬಾರದು, ಆ ಚೀಲದ ಹೊರಮೈ ಕರೆಂಟು ಹರಿಸಬಲ್ಲದು. ಕ್ಯಾಬಿನೆಟ್ಟಿನ ಹಿತ್ತಾಳೆ ಗುಬುಟುಗಳು ಬೋರ್ಡಿನ ತೂತುಗಳಿಗೆ ಸರಿಯಾಗಿ ಇರಬೇಕು. ಒಂದು ಹೆಚ್ಚಿಗೆ ಉಳಿದರೂ ಬೆನ್ನಿಗೆ ತಾಗಿ ಶಾರ್ಟ್ ಆಗುತ್ತದೆ. ಎಲ್ಲ ಆದ ಮೇಲೆ ಒಂದು ರಾತ್ರಿ ಮೆಮ್‌ಟೆಸ್ಟ್ ಓಡಿಸಿ. ರ‍್ಯಾಮಿನ ದೋಷ ಅಂಗಡಿ ಬದಲಿಸಿಕೊಡುವ ಮೊದಲ ವಾರದಲ್ಲೇ ಗೊತ್ತಾಗಬೇಕು.

ಹುಬ್ಬಳ್ಳಿಯಲ್ಲೇ ಜೋಡಿಸಿ ತರುವವರು ಅರಬೈಲು ಅಥವಾ ದೇವಿಮನೆ ಘಟ್ಟ ಇಳಿಸುವ ಮೊದಲು ಗ್ರಾಫಿಕ್ಸ್ ಕಾರ್ಡನ್ನು ಕಳಚಿ ಅದರ ಡಬ್ಬದಲ್ಲಿಡಿ, ತಿರುವುಗಳ ಕುಲುಕಾಟಕ್ಕೆ ಕಾರ್ಡಿನ ತೂಕವೇ ಸ್ಲಾಟನ್ನು ಒಡೆಯುತ್ತದೆ. ಪೆಟ್ಟಿಗೆಯನ್ನು ಬೋರ್ಡು ಮಲಗುವಂತೆ ಅಡ್ಡ ಇಟ್ಟು ತನ್ನಿ. ಎಸ್‌ಎಂಪಿಎಸ್‌ನ ಸೀರಿಯಲ್ ನಂಬರಿನ ಚೀಟಿ ಜೋಡಿಸಿದ ಮೇಲೆ ಗೋಡೆಯ ಕಡೆಗೆ ಅಡಗಿಹೋಗುತ್ತದೆ, ಕೂರಿಸುವ ಮೊದಲೇ ಅದರ ಫೋಟೊ ತೆಗೆದಿಡಿ. ಜಿಎಸ್‌ಟಿ ಬಿಲ್ಲಿನದೂ ಅಂದೇ ತೆಗೆಯಿರಿ, ಥರ್ಮಲ್ ಕಾಗದದ ಅಕ್ಷರ ಎರಡು ಮಳೆಗಾಲ ಕಂಡರೆ ಓದಲು ಬರುವುದಿಲ್ಲ, ಎಸ್‌ಎಂಪಿಎಸ್‌ನ ವಾರಂಟಿಯಾದರೋ ಐದು ವರ್ಷದ್ದು.